ಪ್ಲಿಟ್ವಿಟ್ಸೆಯಲ್ಲಿ ಮುಟ್ಟದೆ ನೋಡಿದ ನೀರು

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ದೂರ ಪ್ರಯಾಣವೆಂದರೆ ಸಾಮಾನ್ಯವಾಗಿ ಹಜ್ಜ್ ಅಥವಾ ಉಮ್ರಾ, ಕೊಲ್ಲಿ ರಾಷ್ಟ್ರಗಳ ದುಡಿಮೆ, ಇಲ್ಲವೇ ಬಂಧುಗಳ ಮದುವೆ. ಬರಿಯ ನೀರನ್ನೂ ಕಾಡನ್ನೂ ನೋಡುವುದಕ್ಕೆಂದು ಹಣ ತೆತ್ತು ಹೋಗುವುದನ್ನು ಹಿರಿಯರು ದುಂದುವೆಚ್ಚವೆಂದೇ ಎಣಿಸುತ್ತಾರೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳಲಾರೆವು. ಆದರೆ ಭೂಮಿಯಲ್ಲಿ ಸಂಚರಿಸಿ, ಸೃಷ್ಟಿಯನ್ನು ಕಣ್ಣಾರೆ ಕಂಡು ಚಿಂತಿಸುವುದು ಸತ್ಯವಿಶ್ವಾಸಿಯ ಕರ್ತವ್ಯಗಳಲ್ಲಿ ಒಂದೆಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ನೋಡುವ ಬಗೆ ಯಾವುದು, ನೋಡಿದ ವಸ್ತುವಿನ ಮೇಲೆ ನಮ್ಮ ಹಕ್ಕು ಎಷ್ಟು ಎಂಬ ಪ್ರಶ್ನೆ ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕಳೆದ ಸೆಪ್ಟೆಂಬರ್ ತಿಂಗಳ ಒಂದು ದಿನ, ಕ್ರೊಯೇಷಿಯಾ ದೇಶದ ಪ್ಲಿಟ್ವಿಟ್ಸೆ ಸರೋವರಗಳ ದಡದಲ್ಲಿ, ನಮ್ಮ ಹದಿನಾಲ್ಕರ ಮಗ ಅದನ್ನು ನೇರವಾಗಿ ಕೇಳಿಬಿಟ್ಟ.

ಉದ್ಯೋಗದ ನಿಮಿತ್ತ ನಾವು ಕೆಲವು ವರ್ಷಗಳಿಂದ ಯುರೋಪಿನಲ್ಲಿದ್ದೇವೆ. ಊರಿನಿಂದ ಉಮ್ಮ ಬಂದಿದ್ದರು. ಎಪ್ಪತ್ತು ದಾಟಿದ, ಮೊಣಕಾಲು ನೋವಿನ, ಆದರೂ ಯಾವುದನ್ನೂ ಬೇಡವೆನ್ನದ ಜೀವ ಅದು. ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನಿಂದ ಸರೋವರಗಳಿಗೆ ಸುಮಾರು 130 ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಮರಳುವ, ಮಾರ್ಗದರ್ಶಕರಿರುವ ಬಸ್ಸಿನಲ್ಲಿ ಐವರಿಗೂ ಸ್ಥಳ ಕಾದಿರಿಸಿದೆವು. ಇಂಥ ಪ್ರವಾಸಗಳಲ್ಲಿ ಸಮಯ ನಮ್ಮದಲ್ಲ. ಇಲ್ಲಿ ಇಪ್ಪತ್ತು ನಿಮಿಷ, ಅಲ್ಲಿ ನಲವತ್ತು ನಿಮಿಷ ಎಂದು ಅಳೆದು ಕೊಡುತ್ತಾರೆ. ಅದು ನಮಗೆ ಅಷ್ಟಾಗಿ ಹಿಡಿಸದ ಪದ್ಧತಿ. ಆದರೆ ವೃದ್ಧರೂ ಮಕ್ಕಳೂ ಜೊತೆಗಿರುವಾಗ ದಾರಿ, ಟಿಕೆಟ್, ದೋಣಿ ಎಲ್ಲದರ ಚಿಂತೆಯನ್ನು ಇನ್ನೊಬ್ಬರು ಹೊತ್ತುಕೊಳ್ಳುವುದು ಸಣ್ಣ ಉಪಕಾರವೇನಲ್ಲ.

ನಮ್ಮ ಮಾರ್ಗದರ್ಶಕಿ ಐವತ್ತರ ಆಸುಪಾಸಿನ ಮಹಿಳೆ, ಅದೇ ಸೀಮೆಯವರು. ಮಿತಭಾಷಿ. ಉಮ್ಮನನ್ನು ಬಸ್ಸಿನ ಮುಂದಿನ ಆಸನದಲ್ಲಿ ಕೂರಿಸಿದರು.

ಮೊದಲು ನಿಂತದ್ದು ರಾಸ್ತೋಕೆ ಎಂಬ ಹಳ್ಳಿಯಲ್ಲಿ. ಸ್ಲುಂಚಿತ್ಸಾ ಎಂಬ ಚಿಕ್ಕ ಹೊಳೆ ಅಲ್ಲಿ ಹತ್ತಾರು ಕವಲಾಗಿ ಒಡೆದು, ಮನೆಗಳ ಅಡಿಯಿಂದಲೂ ಅಂಗಳದ ಬದಿಯಿಂದಲೂ ಧುಮುಕಿ ಕೊರಾನಾ ನದಿಯನ್ನು ಸೇರುತ್ತದೆ. ನದಿಯ ಹೆಸರು ಕೇಳಿ ಉಮ್ಮ ಬೆಚ್ಚಿದರು. ಆ ರೋಗಕ್ಕೂ ಈ ನದಿಗೂ ಏನೂ ಸಂಬಂಧವಿಲ್ಲವೆಂದು ಮಗಳು ಸಮಾಧಾನ ಹೇಳಬೇಕಾಯಿತು. ಹಿಂದೆ ಈ ಧುಮುಕುವ ನೀರಿನ ಬಲದಿಂದಲೇ ಇಲ್ಲಿ ಗೋಧಿ, ಜೋಳ ಬೀಸುತ್ತಿದ್ದರು. ಹಳೆಯ ಮರದ ಗಿರಣಿಗಳು ಇನ್ನೂ ನಿಂತಿವೆ. ರಭಸದ ನೀರು ಸುತ್ತುವ ಮರದ ಬುಟ್ಟಿಗಳಲ್ಲಿ ಕಂಬಳಿ ಒಗೆಯುವ ಪದ್ಧತಿಯೂ ಇತ್ತು. ಅದನ್ನು ಕೇಳಿ ಉಮ್ಮನಿಗೆ ಬಹಳ ಸಂತೋಷವಾಯಿತು. ಹೊಳೆಯ ಕಲ್ಲಿನ ಮೇಲೆ ಚಾಪೆ, ಹೊದಿಕೆ ಒಗೆದು ಬೆಳೆದವರು ಅವರು. ನೀರೆಂದರೆ ಅವರ ಮನಸ್ಸಿನಲ್ಲಿ ಕೈ ಹಾಕುವಂಥದ್ದು, ಮೊಗೆಯುವಂಥದ್ದು.

ಅಲ್ಲಿಂದ ಮುಂದೆ ಒಂದು ಗಂಟೆಯೊಳಗೆ ಪ್ಲಿಟ್ವಿಟ್ಸೆ. 1949ರಲ್ಲಿ ಘೋಷಿತವಾದ ಈ ರಾಷ್ಟ್ರೀಯ ಉದ್ಯಾನ ಕ್ರೊಯೇಷಿಯಾದಲ್ಲೇ ಮೊದಲನೆಯದು. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಚ್ಚುಕಡಿಮೆ 300 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದ ಬಹುಭಾಗ ಕಾಡು. ಸರೋವರಗಳು ವ್ಯಾಪಿಸಿರುವುದು ಸುಮಾರು ಎರಡು ಚದರ ಕಿಲೋಮೀಟರ್ ಮಾತ್ರ. ಹೆಸರುಳ್ಳ ಸರೋವರಗಳು 16. ಮೇಲಿನ 12 ಸರೋವರಗಳು ಕಾಡಿನ ನಡುವೆ ಅಗಲವಾಗಿ ಹರಡಿಕೊಂಡಿದ್ದರೆ, ಕೆಳಗಿನ ನಾಲ್ಕು ಸುಣ್ಣಕಲ್ಲಿನ ಕಡಿದಾದ ಕಮರಿಯೊಳಗೆ ಇಕ್ಕಟ್ಟಾಗಿ ಮಲಗಿವೆ. ಮೇಲಿನದರ ನೀರು ಕೆಳಗಿನದಕ್ಕೆ, ಅದರದು ಇನ್ನೂ ಕೆಳಗಿನದಕ್ಕೆ ಇಳಿಯುತ್ತ ಹೋಗುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎತ್ತರದಲ್ಲಿ 130 ಮೀಟರ್‌ಗೂ ಹೆಚ್ಚು ವ್ಯತ್ಯಾಸವಿದೆ.

ಪ್ರವೇಶದ್ವಾರದ ಬಳಿಯ ಕಟ್ಟೆಯಿಂದ ಮೊದಲ ಬಾರಿಗೆ ಕೆಳಗೆ ನೋಡಿದಾಗ ಬಸ್ಸಿನಲ್ಲಿದ್ದ ನಲವತ್ತು ಮಂದಿಯೂ ಮೌನವಾದರು. ಎದುರಿಗೆ ವೆಲಿಕಿ ಸ್ಲಾಪ್, ಅಂದರೆ 'ದೊಡ್ಡ ಜಲಪಾತ', 78 ಮೀಟರ್ ಎತ್ತರದಿಂದ ಬೀಳುತ್ತಿತ್ತು. ಬುಡದಲ್ಲಿ ಹಸಿರು, ನೀಲಿ, ಬೂದು ಬಣ್ಣದ ನೀರಿನ ತಟ್ಟೆಗಳು. "ಸುಬ್‌ಹಾನಲ್ಲಾಹ್" ಎಂದು ಉಮ್ಮ ಮೆಲ್ಲಗೆ ಉಚ್ಚರಿಸಿದರು. ಸ್ವಲ್ಪ ಹೊತ್ತಿನ ಬಳಿಕ, "ಆದರೂ ಜೋಗದ ಮುಂದೆ ಈ ಧಾರೆ ಚಿಕ್ಕದೇ" ಎಂದು ಸೇರಿಸಿದರು. ಅವರು ಹೇಳಿದ್ದು ನಿಜವೇ. ಜೋಗ 253 ಮೀಟರ್. ಎತ್ತರವನ್ನೇ ಹುಡುಕಿಕೊಂಡು ಇಲ್ಲಿಗೆ ಬಂದವರು ನಿರಾಶರಾಗುತ್ತಾರೆ.

ಇಲ್ಲಿನ ವಿಶೇಷವಿರುವುದು ನೀರನ್ನು ತಡೆದು ನಿಲ್ಲಿಸಿರುವ ಗೋಡೆಗಳಲ್ಲಿ. ಮಾರ್ಗದರ್ಶಕಿ ನಮ್ಮನ್ನು ಮರದ ಕಾಲುದಾರಿಯ ಅಂಚಿನಲ್ಲಿ ನಿಲ್ಲಿಸಿ ಅದನ್ನು ತಾಳ್ಮೆಯಿಂದ ವಿವರಿಸಿದರು. ಈ ಸೀಮೆಯ ಬೆಟ್ಟಗಳೆಲ್ಲ ಸುಣ್ಣದ ಕಲ್ಲು. ಮಳೆಯ ನೀರು ಕಾಡಿನ ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ತುಸು ಆಮ್ಲವಾಗಿ, ಕಲ್ಲಿನ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಕಣ್ಣಿಗೆ ಆ ನೀರು ತಿಳಿಯಾಗಿಯೇ ಕಾಣುತ್ತದೆ. ಅದು ಎತ್ತರದಿಂದ ಧುಮುಕಿ ಚದುರಿದಾಗ ಒಳಗಿನ ಅನಿಲ ಗಾಳಿಗೆ ಹಾರಿಹೋಗಿ, ಕರಗಿದ ಸುಣ್ಣ ಮತ್ತೆ ಗಟ್ಟಿಯಾಗಲು ತೊಡಗುತ್ತದೆ. ನೀರಿನ ಅಂಚಿನಲ್ಲಿ ಬೆಳೆದ ಪಾಚಿ, ಹಾವಸೆ ಹಾಗೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಮೇಲೆ ಅದು ಪದರಪದರವಾಗಿ ಕೂರುತ್ತದೆ. ಹಾವಸೆಯ ಬುಡ ಕಲ್ಲಾಗುತ್ತ, ತುದಿ ಹಸಿರಾಗಿ ಬೆಳೆಯುತ್ತಲೇ ಇರುತ್ತದೆ. ಹೀಗೆ ಬೆಳೆದ ತಡೆಗೋಡೆಯ ಹಿಂದೆ ನೀರು ನಿಂತು ಸರೋವರವಾಗುತ್ತದೆ. ಈ ಕಲ್ಲಿಗೆ ಟ್ಯೂಫಾ ಎಂದು ಹೆಸರು. ಅದು ರೂಪುಗೊಳ್ಳುವುದರಲ್ಲಿ ಹಾವಸೆಗಳ ಪಾತ್ರವನ್ನು ಕಳೆದ ಶತಮಾನದ ಮೊದಲರ್ಧದಲ್ಲಿ ಅಧ್ಯಯನ ಮಾಡಿದವರು ಇವೊ ಪೆವಾಲೆಕ್ ಎಂಬ ಸಸ್ಯವಿಜ್ಞಾನಿ. ಅವರ ನೆನಪಿನ ಫಲಕ ಉದ್ಯಾನದಲ್ಲಿದೆ.

ಉಮ್ಮನಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದಲ್ಲವೇ, ಅದೇ ಸುಣ್ಣ, ಇಲ್ಲಿ ಬೆಂಕಿಯಿಲ್ಲದೆ ಹಾವಸೆಯ ಮೇಲೆ ಕೂರುತ್ತದೆ ಎಂದೆವು. ಅವರು ತಲೆದೂಗಿದರು. ನೀರಿನೊಳಗೆ ಬಿದ್ದ ಮರದ ಕಾಂಡಗಳನ್ನು ತಾವೇ ಗುರುತಿಸಿ ತೋರಿಸಿದರು. ರೆಂಬೆಗಳ ಸಮೇತ ಬಿಳಿ ಸುಣ್ಣ ಬಳಿದಂತೆ ತಳದಲ್ಲಿ ಮಲಗಿದ್ದವು.

ಎಲ್ಲವೂ ಅನುಕೂಲವಾಗಿರುವ ಕಡೆ ಈ ಗೋಡೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಈಗಿರುವ ಗೋಡೆಗಳು ಹಿಮಯುಗ ಮುಗಿದ ಬಳಿಕ, ಕಳೆದ ಆರೇಳು ಸಾವಿರ ವರ್ಷಗಳಲ್ಲಿ ಕಟ್ಟಲ್ಪಟ್ಟವು. ಅತಿ ದೊಡ್ಡದಾದ ಕೊಝ್ಯಾಕ್ ಸರೋವರ ಒಂದು ಕಾಲಕ್ಕೆ ಎರಡಾಗಿತ್ತಂತೆ. ಕೆಳಗಿನ ಗೋಡೆ ಎತ್ತರವಾದಂತೆ ನೀರು ಏರಿ, ನಡುವಿನ ಗೋಡೆಯನ್ನು ಮುಳುಗಿಸಿ ಒಂದಾಗಿದೆ. ಎಲ್ಲಿಯೋ ಹಾವಸೆ ಸತ್ತರೆ ಗೋಡೆಯ ಬೆಳವಣಿಗೆ ನಿಲ್ಲುತ್ತದೆ, ನೀರು ಅದನ್ನು ಕೊರೆಯತೊಡಗುತ್ತದೆ. ಆದ್ದರಿಂದ ಈ ನೀರಿಗೆ ಯಾರೂ ಇಳಿಯುವಂತಿಲ್ಲ. ಈಜು ನಿಷಿದ್ಧ. ಕಾಲು ತೊಳೆಯುವುದೂ ಸಲ್ಲದು. ಸಾಬೂನು, ಮೈಗೆ ಹಚ್ಚಿದ ಕ್ರೀಮು, ಗೊಬ್ಬರ, ಕೊಳಚೆ, ಇವುಗಳ ಅಂಶ ಹೆಚ್ಚಾದರೆ ಬೇಡದ ಸಸ್ಯಗಳು ಮುತ್ತಿಕೊಂಡು ಕಲ್ಲು ಕಟ್ಟುವ ಕ್ರಿಯೆಯೇ ಕೆಡುತ್ತದೆ.

ಇಲ್ಲಿ ನಮ್ಮ ಮಗ ತನ್ನ ಪ್ರಶ್ನೆ ಎತ್ತಿದ. ಭೂಮಿಯಲ್ಲಿರುವುದನ್ನೆಲ್ಲ ಅಲ್ಲಾಹನು ಮನುಷ್ಯರಿಗಾಗಿ ಸೃಷ್ಟಿಸಿದ್ದಾನೆಂದು ಉಸ್ತಾದರು ಕಲಿಸಿದ್ದಾರೆ. ಹಾಗಿದ್ದ ಮೇಲೆ ಈ ನೀರಿಗೆ ಕೈ ಹಾಕಬಾರದೆನ್ನಲು ಇವರು ಯಾರು? ಅವನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ಸೆಕೆ ಇತ್ತು, ನೀರು ಒಂದು ಗೇಣು ದೂರದಲ್ಲಿತ್ತು, ಹುಡುಗನಿಗೆ ಆಸೆಯಾಗಿತ್ತು. ನಾವು ಪರಿಸರ ಸಂರಕ್ಷಣೆಯ ಕುರಿತು ಏನೋ ಹೇಳಲು ಹೊರಟೆವು. ಶಾಲೆಯ ಪಾಠದಂತೆ ಕೇಳಿಸಿರಬೇಕು, ಅವನು ಮುಖ ತಿರುಗಿಸಿದ.

ಉತ್ತರಿಸಿದವರು ಉಮ್ಮ. "ನಾನು ಹಜ್ಜ್‌ಗೆ ಹೋಗಿದ್ದೆನಲ್ಲ ಮೋನೆ" ಎಂದು ಶುರುಮಾಡಿದರು. "ಹರಮ್‌ನ ಎಲ್ಲೆಯೊಳಗೆ ತಾನಾಗಿ ಬೆಳೆದ ಗಿಡ ಕೀಳಬಾರದು, ಮುಳ್ಳಿನ ಗಿಡವನ್ನೂ ಕಡಿಯಬಾರದು, ಬೇಟೆಯ ಪ್ರಾಣಿಯನ್ನು ಅಟ್ಟಲೂ ಬಾರದು. ಅದು ನಮಗಾಗಿ ಸೃಷ್ಟಿಯಾದ ಭೂಮಿಯಲ್ಲವೇ? ಅಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಕೊಟ್ಟವನೇ ಇಲ್ಲಿ ಮುಟ್ಟಬೇಡವೆಂದರೆ ಮುಟ್ಟುವುದಿಲ್ಲ."

"ಇಲ್ಲಿ ಹೇಳಿರುವುದು ಅಲ್ಲಾಹನಲ್ಲ, ಸರಕಾರ" ಎಂದ ಮಗ.

"ಅಮಾನತ್ ಇಟ್ಟುಕೊಂಡವರು ಹೇಳಿದ್ದಾರೆ" ಎಂದರು ಉಮ್ಮ.

ಅವನು ಒಪ್ಪಿದನೋ ಇಲ್ಲವೋ ತಿಳಿಯದು, ಸುಮ್ಮನಾದ. ನಮಗಂತೂ ಮದೀನಾದ ನೆನಪಾಯಿತು. ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಒಂದು ಗೊತ್ತಾದ ಸೀಮೆಯನ್ನು ಹರಮ್ ಎಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದ್ದರು. ಜಾನುವಾರುಗಳ ಮೇವಿಗಾಗಿ ಹುಲ್ಲುಗಾವಲನ್ನು ಕಾದಿರಿಸುವ 'ಹಿಮಾ' ಪದ್ಧತಿ ಅರೇಬಿಯಾದಲ್ಲಿ ಬಹುಕಾಲ ಉಳಿದಿತ್ತು. ಕಾದಿರಿಸಿದ ನೆಲವೆಂಬ ಕಲ್ಪನೆ ನಮಗೆ ಪರಕೀಯವೇನಲ್ಲ. ಆದರೆ ನಮ್ಮ ಜುಮಾ ಪ್ರವಚನಗಳಲ್ಲಿ ಅದರ ಪ್ರಸ್ತಾಪ ಕೇಳಿದ್ದು ಎಷ್ಟು ಸಲ ಎಂದು ಓದುಗರೇ ನೆನಪಿಸಿಕೊಳ್ಳಲಿ.

ಬಣ್ಣಗಳ ವಿಷಯ ಹೇಳದಿದ್ದರೆ ಅಪೂರ್ಣವಾದೀತು. ಕಲುಜೆರೊವಾಟ್ಸ್ ಸರೋವರ ಆ ಹೊತ್ತಿಗೆ ತಿಳಿನೀಲಿಯಾಗಿತ್ತು. ಅದರಿಂದ ಸ್ವಲ್ಪ ಮೇಲಿರುವ ಮಿಲಾನೊವಾಟ್ಸ್ ಹಸಿರಾಗಿತ್ತು. ಮೋಡವೊಂದು ಸೂರ್ಯನಿಗೆ ಅಡ್ಡ ಬಂದಾಗ ಎರಡೂ ಬೂದಿಯ ಬಣ್ಣಕ್ಕೆ ತಿರುಗಿದವು. ನೀರಿನಲ್ಲಿರುವ ಖನಿಜ, ಜೀವಿಗಳು, ಆಳ, ತಳದ ಬಿಳಿಯ ಸುಣ್ಣದ ಕೆಸರು, ಬಿಸಿಲು ಬೀಳುವ ಕೋನ, ಇವೆಲ್ಲ ಸೇರಿ ಬಣ್ಣವನ್ನು ನಿರ್ಧರಿಸುತ್ತವೆ. ಮೊಗೆದು ಬೊಗಸೆಯಲ್ಲಿ ಹಿಡಿದರೆ ಯಾವ ಬಣ್ಣವೂ ಇರುವುದಿಲ್ಲವೆಂದು ಮಾರ್ಗದರ್ಶಕಿ ನಗುತ್ತ ಹೇಳಿದರು. ಮಗಳು ಅವರನ್ನು ಬಹಳ ಹೊತ್ತು ಸಂಶಯದಿಂದಲೇ ನೋಡುತ್ತಿದ್ದಳು.

ಕೊಝ್ಯಾಕ್‌ನ ದಡದಲ್ಲಿ ಬೀಚ್ ಮರಗಳ ನೆರಳಿರುವ ಹುಲ್ಲುಹಾಸು ಇದೆ. ದೋಣಿಗೆ ಕಾಯುವವರು ಅಲ್ಲಿ ಕುಳಿತು ಊಟ ಮಾಡುತ್ತಾರೆ. ನಮಗೆ ನಲವತ್ತು ನಿಮಿಷ ದೊರೆಯಿತು. ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಝುಹರ್ ಮತ್ತು ಅಸರ್ ನಮಾಝ್‌ಗಳನ್ನು ಎರಡೆರಡು ರಕಅತ್‌ಗಳಾಗಿ ಸೇರಿಸಿ ನಿರ್ವಹಿಸಲು ಅಷ್ಟು ಸಾಕು. ಎದುರಿಗೆ 47 ಮೀಟರ್ ಆಳದ ಸಿಹಿನೀರಿನ ಸರೋವರ; ಉಮ್ಮ ವುಝೂ ಮಾಡಿದ್ದು ಮಾತ್ರ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ. ಹಜ್ಜ್‌ನ ದಿನಗಳಲ್ಲಿ ಮಿನಾದ ಡೇರೆಯಲ್ಲಿ ಕಲಿತ ಮಿತ ಅದು. ಪ್ರವಾದಿ(ಸ)ರು ಒಂದು 'ಮುದ್ದ್' ನೀರಿನಲ್ಲಿ, ಅಂದರೆ ಎರಡೂ ಕೈ ಸೇರಿಸಿದ ಒಂದು ಬೊಗಸೆ ತುಂಬುವಷ್ಟರಲ್ಲಿ ವುಝೂ ಪೂರೈಸುತ್ತಿದ್ದರೆಂಬ ಹದೀಸ್‌ ಅನ್ನು ನಾವೆಲ್ಲ ಓದಿದ್ದೇವೆ. ಓದಿದ ಮೇಲೂ ಮಸೀದಿಯ ಹೌಝ್‌ನ ಬಳಿ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಸಲಾಮ್ ಹೇಳುತ್ತ ಕುಶಲ ವಿಚಾರಿಸುವವರು ನಾವೇ.

ಉಮ್ಮ ಕಾಲು ತೊಳೆದು, ಬಾಟಲಿಯಲ್ಲಿ ಉಳಿದ ನಾಲ್ಕು ಹನಿಗಳನ್ನು ಮರದ ಬುಡಕ್ಕೆ ಸುರಿದರು. ದೂರದಿಂದ ನೋಡುತ್ತಿದ್ದ ಮಾರ್ಗದರ್ಶಕಿ ಹತ್ತಿರ ಬಂದು, ಅಷ್ಟೇ ನೀರು ಸಾಕೇ ಎಂದು ಕೇಳಿದರು. "ಸಾಕು ಮಗಳೇ" ಎಂದರು ಉಮ್ಮ ನಮ್ಮ ಭಾಷೆಯಲ್ಲೇ. ಅನುವಾದ ಬೇಕಾಗಲಿಲ್ಲ. ಕಿಬ್ಲಾದ ದಿಕ್ಕಿನ ಬಗ್ಗೆ ಮಾತ್ರ ಉಮ್ಮನಿಗೆ ಕೊನೆಯವರೆಗೂ ಅನುಮಾನವಿತ್ತು. ಊರಿನಲ್ಲಿ ಸೂರ್ಯ ಮುಳುಗುವ ಕಡಲಿನ ಕಡೆಗೆ ಮುಖ ಮಾಡಿಯೇ ಆಯುಷ್ಯ ಕಳೆದವರಿಗೆ, ಇಲ್ಲಿ ಆಗ್ನೇಯಕ್ಕೆ ತಿರುಗಿ ನಿಲ್ಲುವುದು ವಿಚಿತ್ರವೆನಿಸಿತು. ಮಕ್ಕಾ ನಡುವಿನಲ್ಲಿದೆ, ನಾವು ಈಗ ಅದರ ಇನ್ನೊಂದು ಬದಿಗೆ ಬಂದಿದ್ದೇವೆ ಎಂದು ಮೊಮ್ಮಗಳು ಹುಲ್ಲಿನ ಮೇಲೆ ಬೆರಳಿನಿಂದ ನಕ್ಷೆ ಬಿಡಿಸಿ ತೋರಿಸಿದಳು.

ದೋಣಿಗಳು ವಿದ್ಯುತ್ತಿನಿಂದ ಚಲಿಸುವಂಥವು, ಸದ್ದಿಲ್ಲ, ಹೊಗೆಯಿಲ್ಲ. ಆ ನಿಶ್ಶಬ್ದದಲ್ಲಿ ಮಾರ್ಗದರ್ಶಕಿ ತಾವಾಗಿಯೇ ಒಂದು ಸಂಗತಿ ಹೇಳಿದರು. 1991ರ ಮಾರ್ಚ್ 31, ಈಸ್ಟರ್ ಭಾನುವಾರದಂದು, ಈ ಉದ್ಯಾನದಲ್ಲಿಯೇ ಕ್ರೊಯೇಷಿಯಾದ ಪೊಲೀಸರಿಗೂ ಬಂಡೆದ್ದ ಸರ್ಬ್ ಪಡೆಗಳಿಗೂ ಗುಂಡಿನ ಕಾಳಗ ನಡೆಯಿತು. ಎರಡೂ ಕಡೆಗಳಿಂದ ಒಬ್ಬೊಬ್ಬ ಸತ್ತ. ಆ ಯುದ್ಧದ ಮೊದಲ ಸಾವುಗಳು ಅವೇ. ಆಮೇಲೆ 1995ರವರೆಗೆ ಈ ಸೀಮೆ ಸರ್ಬ್ ಪಡೆಗಳ ಕೈಯಲ್ಲಿತ್ತು. ಕಾಡಿನಲ್ಲಿ ನೆಲಬಾಂಬುಗಳನ್ನು ಹೂತಿದ್ದರು. ಅವನ್ನು ತೆಗೆಯಲು ವರ್ಷಗಳು ಬೇಕಾದವು. 1992ರಿಂದ 1997ರವರೆಗೆ ಯುನೆಸ್ಕೊ ಇದನ್ನು ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಯಲ್ಲಿಟ್ಟಿತ್ತು. "ನಮ್ಮ ಮನೆಯನ್ನೂ ಆಗ ಬಿಟ್ಟು ಹೋದೆವು" ಎಂದಷ್ಟೇ ಅವರು ತಮ್ಮ ಬಗ್ಗೆ ಹೇಳಿದ್ದು. ನಾವೂ ಕೆದಕಲಿಲ್ಲ.

ಆ ಭಾನುವಾರ ನಮ್ಮ ಲೆಕ್ಕದಲ್ಲಿ ರಮಝಾನ್‌ನ ನಡುಭಾಗ. ಅಲ್ಲಿಂದ ಕೇವಲ 30 ಕಿಲೋಮೀಟರ್ ಆಚೆ, ಗಡಿಯ ಆ ಬದಿಗೆ, ಬೋಸ್ನಿಯಾದ ಬಿಹಾಚ್ ಪಟ್ಟಣವಿದೆ. ಬೋಸ್ನಿಯಾದ ಯುದ್ಧ ತೊಡಗಿದ ಬಳಿಕ ಆ ಪಟ್ಟಣವೂ ಸುತ್ತಲಿನ ಮುಸ್ಲಿಮರೂ ಮೂರು ವರ್ಷ ಮುತ್ತಿಗೆಯೊಳಗೆ ಬದುಕಿದರು. ಅಲ್ಲಿನ ಫೆತ್ಹಿಯಾ ಮಸೀದಿ ಹಿಂದೆ ಒಂದು ಚರ್ಚ್ ಆಗಿತ್ತು. 1592ರಲ್ಲಿ ಉಸ್ಮಾನಿಯರು ಪಟ್ಟಣವನ್ನು ಗೆದ್ದಾಗ ಅದನ್ನು ಮಸೀದಿಯಾಗಿಸಿದರು. ಒಬ್ಬರಿಂದ ಇನ್ನೊಬ್ಬರು ಕಸಿದುಕೊಳ್ಳುತ್ತ ಬಂದ ಗಡಿನಾಡು ಇದು. ಕಸಿದುಕೊಂಡವರಲ್ಲಿ ನಮ್ಮವರೂ ಇದ್ದರೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಅಷ್ಟೂ ಕಾಲ ಇಲ್ಲಿನ ಹಾವಸೆ ಕಲ್ಲು ಕಟ್ಟುತ್ತಲೇ ಇತ್ತು. ಮನುಷ್ಯರು ಬಾರದಿದ್ದ ಆ ವರ್ಷಗಳಲ್ಲಿ ಈ ಕಾಲುದಾರಿಗಳಲ್ಲಿ ಕರಡಿಗಳೇ ನಡೆದಿರಬಹುದು.

ಈಗ ನಡೆಯುವವರು ನಾವು. ಒಂದು ವರ್ಷದಲ್ಲಿ 15 ಲಕ್ಷಕ್ಕೂ ಮಿಕ್ಕಿ ಜನ ಬಂದದ್ದುಂಟು. ಬಂದವರಿಗಾಗಿ ಸುತ್ತಲೂ ಎದ್ದ ವಸತಿಗೃಹಗಳು, ಅವುಗಳ ಕೊಳಚೆ ನೀರು, ಕಾಲುದಾರಿಗಳ ಮೇಲಿನ ನೂಕುನುಗ್ಗಲು, ಇವುಗಳ ಕುರಿತು ಯುನೆಸ್ಕೊ ಆತಂಕ ವ್ಯಕ್ತಪಡಿಸಿದೆ. ಈಗ ಟಿಕೆಟ್ಟಿನಲ್ಲಿಯೇ ಪ್ರವೇಶದ ವೇಳೆಯನ್ನು ನಮೂದಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯಸ್ಕರಿಗೆ 40 ಯೂರೋ, ಅಗ್ಗವೇನಲ್ಲ. ಮಿಲಾನೊವಾಟ್ಸ್‌ನ ಬಳಿ ಜನಸಂದಣಿಯಿಂದ ನಾವು ಹತ್ತು ನಿಮಿಷ ನಿಂತಲ್ಲೇ ನಿಂತಿದ್ದೆವು. ನಮ್ಮ ಮುಂದೆಯೂ ಹಿಂದೆಯೂ ಎತ್ತಿ ಹಿಡಿದ ಫೋನುಗಳು. ನೋಡಬೇಕೆಂಬ ನಮ್ಮ ಆಸೆಯೂ ಈ ನೀರಿಗೊಂದು ಭಾರವಲ್ಲವೇ? ದುಂದುವೆಚ್ಚವೆಂದು ಗೊಣಗುವ ಹಿರಿಯರಿಗೆ ಅಲ್ಲಿ ಅರ್ಧ ಗೆಲುವು ದೊರೆಯಿತೆಂದೇ ಹೇಳಬೇಕು. ಉಳಿದರ್ಧವನ್ನು ನಾವು ಬಿಟ್ಟುಕೊಡಲಾರೆವು. ಹಾವಸೆ ಕಲ್ಲಾಗುವುದನ್ನು ಪುಸ್ತಕದಲ್ಲಿ ಓದಿದ್ದರೆ ಮಗನಿಗೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಮೇಲಿನ ಸರೋವರಗಳನ್ನು ನಾವು ಅರ್ಧದಷ್ಟು ಮಾತ್ರ ನೋಡಿದೆವು. ಉಮ್ಮನ ಮೊಣಕಾಲು ಸೋತಿತ್ತು. ಒಬ್ಬರು ಅವರ ಜೊತೆ ಬೆಂಚಿನಲ್ಲಿ ಉಳಿದು, ಇನ್ನೊಬ್ಬರು ಮಕ್ಕಳೊಂದಿಗೆ ಗಾಲೊವಾಟ್ಸ್‌ವರೆಗೆ ಹೋಗಿ ಬಂದೆವು. ಅಲ್ಲಿ ನೀರು ಒಂದೇ ಧಾರೆಯಾಗಿ ಬೀಳದೆ, ಹಾವಸೆಯ ಪರದೆಗಳ ಮೇಲೆ ನೂರಾರು ಎಳೆಗಳಾಗಿ ಇಳಿಯುತ್ತದೆ. ಬೀಚ್ ಮರದ ಎಲೆಗಳು ಹಳದಿಯಾಗಲು ತೊಡಗಿದ್ದವು. ಊರಿನಿಂದ ಬರುವವರಿದ್ದರೆ ಅಕ್ಟೋಬರ್ ಲೇಸು ಎನಿಸಿತು. ಜನ ಕಡಿಮೆ, ಟಿಕೆಟ್ಟಿನ ದರವೂ ಇಳಿದಿರುತ್ತದೆ. ಜಾರದ ಚಪ್ಪಲಿ, ಒಂದು ಬಾಟಲಿ ನೀರು ಹಾಗೂ ತೆಳ್ಳನೆಯ ಮುಸಲ್ಲಾ ಜೊತೆಗಿರಲಿ.

ಮರಳಿ ಬಂದಾಗ ಉಮ್ಮ ಬೆಂಚಿನಲ್ಲಿ ಮಾರ್ಗದರ್ಶಕಿಯೊಂದಿಗೆ ಕುಳಿತಿದ್ದರು. ಚೀಲದಿಂದ ಖರ್ಜೂರದ ಪೊಟ್ಟಣ ಹೊರಬಂದಿತ್ತು. ಇಬ್ಬರ ನಡುವೆ ಒಂದು ಭಾಷೆಯೂ ಸಮಾನವಿರಲಿಲ್ಲ. ಮಾರ್ಗದರ್ಶಕಿ ತಿಂದ ಖರ್ಜೂರದ ಬೀಜಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಂಗೈಯಲ್ಲಿ ಹಿಡಿದಿದ್ದರು. ಉಮ್ಮ ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಚೀಲಕ್ಕೆ ಸೇರಿಸಿದರು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು.